ನಲ್ಲಿಯಲ್ಲಿ ನೀರು ಜೋರಾಗಿ ಬರುತ್ತಿದೆ, ಆದರೂ ಮನೆ ಕೊಳ್ಳುವ ಮುಂಚೆ ಪ್ಲಂಬಿಂಗ್ ತಪಾಸಣೆ ಬೇಕೇ?

ಪ್ರಶ್ನೆ: ಇಪ್ಪತ್ತೈದು ವರ್ಷ ಹಳೆಯ ಮನೆಯೊಂದನ್ನು ಕೊಳ್ಳಬೇಕೆಂದಿದ್ದೇವೆ. ಎರಡು ಸಲ ಹೋಗಿ ನೋಡಿ ಬಂದೆವು. ಎಲ್ಲ ನಲ್ಲಿಗಳನ್ನೂ ತಿರುಗಿಸಿದೆವು, ನೀರು ಜೋರಾಗಿಯೇ ಬಂತು, ಎಲ್ಲೂ ಸೋರಿಕೆ ಕಾಣಲಿಲ್ಲ. ಇಷ್ಟಾದ ಮೇಲೂ ಪ್ಲಂಬರ್ ಕರೆಸಿ ತಪಾಸಣೆ ಮಾಡಿಸಬೇಕೇ? ಮಾಡಿಸಿದರೆ ಅವರು ಏನೇನು ನೋಡಬೇಕು?

ಉತ್ತರ: ಮಾಡಿಸಿ. ನಲ್ಲಿ ತಿರುಗಿಸಿದಾಗ ತಿಳಿಯುವುದು ನೀರು ಬರುತ್ತದೆ ಎನ್ನುವುದಷ್ಟೇ. ಕೈ ಕಚ್ಚುವ ದೋಷಗಳೆಲ್ಲ ಹೆಚ್ಚಾಗಿ ನೀರು ಹೋಗುವ ದಾರಿಯಲ್ಲಿರುತ್ತವೆ. ನಲ್ಲಿ, ವಾಲ್ವು, ಫ್ಲಶ್ ಟ್ಯಾಂಕಿನ ಬಿಡಿಭಾಗ ಕೆಟ್ಟಿದ್ದರೆ ಒಂದು ದಿನದ ಕೆಲಸ. ನೆಲದಡಿಯ ಪೈಪು ಕುಸಿದಿದ್ದರೆ ಟೈಲ್ಸ್ ಒಡೆದು, ಮಣ್ಣು ಅಗೆದು, ಮತ್ತೆ ಮುಚ್ಚಬೇಕು. ಆದ್ದರಿಂದ ತಪಾಸಣೆಯ ಅರ್ಧಕ್ಕಿಂತ ಹೆಚ್ಚು ಹೊತ್ತು ಅಲ್ಲಿಗೇ ಮೀಸಲಾಗಲಿ.

ಒಂದು ಸಣ್ಣ ಲೆಕ್ಕ ನೋಡಿ. 100 ಮಿ.ಮೀ. ಒಳವ್ಯಾಸದ ಪೈಪು 10 ಮೀಟರ್ ಉದ್ದ ಇದ್ದರೆ ಅದರೊಳಗೆ ಸುಮಾರು 78 ಲೀಟರ್ ನೀರು ಹಿಡಿಸುತ್ತದೆ. ಪೈಪಿನ ಆ ತುದಿ ಪೂರ್ತಿ ಕಟ್ಟಿಕೊಂಡಿದ್ದರೂ ಈ ತುದಿಯಲ್ಲಿ ನೀವು ಬಿಟ್ಟ ಒಂದು ಬಕೆಟ್ ನೀರು ಸಲೀಸಾಗಿ ಇಳಿದುಹೋಗುತ್ತದೆ. ಮನೆ ನೋಡಲು ಹೋದವರು ಮೋಸಹೋಗುವುದು ಇಲ್ಲಿಯೇ.

ಹಾಗಾಗಿ ಪೈಪಿಗೆ ಭಾರ ಹಾಕಿ ನೋಡಬೇಕು. ಅಡುಗೆಮನೆ ಸಿಂಕ್, ವಾಶ್ ಬೇಸಿನ್ ಎರಡನ್ನೂ ಮುಚ್ಚಿ ಅಂಚಿನವರೆಗೆ ತುಂಬಿಸಿ. ಬಚ್ಚಲಿನಲ್ಲಿ ಮೂರು-ನಾಲ್ಕು ಬಕೆಟ್ ನೀರು ಹಿಡಿದಿಡಿ. ಎಲ್ಲವನ್ನೂ ಒಟ್ಟಿಗೇ ಬಿಟ್ಟು, ಅದೇ ಹೊತ್ತಿಗೆ ಕಮೋಡ್ ಫ್ಲಶ್ ಮಾಡಿಸಿ. ಆಮೇಲೂ ಹದಿನೈದು ಇಪ್ಪತ್ತು ನಿಮಿಷ ನಲ್ಲಿಗಳು ಹರಿಯುತ್ತಿರಲಿ. ಮನೆಯಲ್ಲಿ ಎಲ್ಲಕ್ಕಿಂತ ತಗ್ಗಿನಲ್ಲಿರುವ ಫ್ಲೋರ್ ಟ್ರ್ಯಾಪಿನ (ನೆಲದ ನೀರು ಇಳಿಯುವ, ಒಳಗೆ ಸದಾ ಸ್ವಲ್ಪ ನೀರು ನಿಲ್ಲುವ ಕಿಂಡಿ) ಜಾಲರಿ ತೆಗೆದು, ಒಬ್ಬರು ಟಾರ್ಚ್ ಹಿಡಿದು ಅಲ್ಲೇ ಕೂತಿರಬೇಕು. ಅಲ್ಲಿ ನೀರು ಮೇಲೇರಿ ಬಂದರೆ ಮುಖ್ಯ ಪೈಪಿನಲ್ಲಿ ಅಡ್ಡಿ ಇದೆ. ನೀರು ಏರದೆ ಗುಳುಗುಳು ಸದ್ದಾಗಿ, ಟ್ರ್ಯಾಪಿನಲ್ಲಿ ನಿಂತ ನೀರೇ ಹೀರಿಹೋದರೆ ಗಾಳಿಕೊಳವೆ (ಚರಂಡಿ ಪೈಪಿನೊಳಗೆ ಗಾಳಿಯಾಡಲು ಮೇಲಕ್ಕೆ ಹಾಕುವ ಪೈಪು) ಕಟ್ಟಿದೆ, ಇಲ್ಲವೇ ಹಾಕಿಯೇ ಇಲ್ಲ. ಟ್ರ್ಯಾಪಿನಲ್ಲಿ ಸುಮಾರು 50 ಮಿ.ಮೀ. ನೀರು ನಿಂತಿದ್ದರೆ ಮಾತ್ರ ಚರಂಡಿಯ ಗಾಳಿ ಮನೆಯೊಳಗೆ ನುಗ್ಗುವುದಿಲ್ಲ. ಒಂದೇ ಒಂದು ಸಿಂಕ್ ನಿಧಾನವಾದರೆ ಚಿಂತೆ ಬೇಡ, ಅದರ ಕೆಳಗಿನ ಬಾಟಲ್ ಟ್ರ್ಯಾಪ್ ಬಿಚ್ಚಿ ತೊಳೆದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ನೀರು ಹರಿಯುತ್ತಿರುವಾಗಲೇ ಹೊರಗಿನ ಚೇಂಬರಿನ (ಮನೆಯ ಚರಂಡಿ ಪೈಪುಗಳು ಬಂದು ಸೇರುವ ಗುಂಡಿ) ಮುಚ್ಚಳ ತೆಗೆಸಿ. ನೀರು ತಡವಿಲ್ಲದೆ ಬಂದು ಮುಂದಕ್ಕೆ ಹೋಗಬೇಕು. ಅದಕ್ಕಿಂತ ಮುಖ್ಯವಾಗಿ ಚೇಂಬರಿನ ಒಳಗೋಡೆ ನೋಡಿ: ಪೈಪಿನ ಬಾಯಿಗಿಂತ ಮೇಲೆ ಒಣಗಿದ ಕೆಸರಿನ ಗೆರೆ, ಅಂಟಿಕೊಂಡ ಕಾಗದದ ಚೂರು ಇದ್ದರೆ ಹಿಂದೆ ಅಷ್ಟರ ಮಟ್ಟಕ್ಕೆ ನೀರು ಕಟ್ಟಿತ್ತು ಎಂದರ್ಥ. ಮಾರುವವರು ನಿನ್ನೆಯೇ ಸ್ವಚ್ಛ ಮಾಡಿಸಿದ್ದರೂ ಈ ಗೆರೆ ಎಷ್ಟೋ ಸಲ ಉಳಿದಿರುತ್ತದೆ.

ಮನೆ ಇಷ್ಟು ಹಳೆಯದಾಗಿದ್ದು, ಪೈಪಿನ ದಾರಿಯಲ್ಲಿ ದೊಡ್ಡ ಮರವಿದ್ದರೆ ಅಥವಾ ನೆಲದ ಒಂದು ಭಾಗಕ್ಕೆ ಮಾತ್ರ ಹೊಸ ಟೈಲ್ಸ್ ಹಾಕಿದ್ದರೆ ಪೈಪಿನೊಳಗೆ ಕ್ಯಾಮೆರಾ ಬಿಡಿಸುವುದು ಒಳ್ಳೆಯದು. ಹಳೆಯ ಮಣ್ಣಿನ ಪೈಪುಗಳ ಜಾಯಿಂಟಿನಲ್ಲಿ ಬೇರು ನುಗ್ಗಿರುವುದು, ಬಿರುಕು, ತಗ್ಗು ಎಲ್ಲ ಕಾಣುತ್ತವೆ. 100 ಮಿ.ಮೀ. ಪೈಪಿಗೆ ಮೀಟರಿಗೆ 20ರಿಂದ 25 ಮಿ.ಮೀ. ಇಳಿಜಾರು ಇರಬೇಕು. ಮಣ್ಣು ಕುಸಿದು ನಡುವೆ ತಗ್ಗಾಗಿದ್ದರೆ ಕ್ಯಾಮೆರಾ ಅಲ್ಲಿ ನೀರಿನಲ್ಲಿ ಮುಳುಗಿ ಮತ್ತೆ ಎದ್ದು ಬರುತ್ತದೆ. ಒಣ ಪೈಪಿನಲ್ಲಿ ಇದು ತಿಳಿಯುವುದಿಲ್ಲ. ನೀರು ಹರಿಸಿದ ಮೇಲೆಯೇ ಕ್ಯಾಮೆರಾ ಬಿಡಲು ಹೇಳಿ. ಎಷ್ಟನೇ ಮೀಟರಿನಲ್ಲಿ ಏನಿದೆ ಎಂಬ ಅಂಕಿ ಕಾಣುವ ವಿಡಿಯೋ ಪ್ರತಿಯನ್ನೂ ಪಡೆದುಕೊಳ್ಳಿ.

ಸೆಪ್ಟಿಕ್ ಟ್ಯಾಂಕ್ ಇದ್ದರೆ ಅದನ್ನೂ ತೆರೆಸಬೇಕು, ಆದರೆ ಒಳಗೆ ಬಗ್ಗಿ ನೋಡಬೇಡಿ, ಅಲ್ಲಿನ ಅನಿಲ ಪ್ರಾಣಕ್ಕೆ ಅಪಾಯ. ಒಳಗಿನ ಮಟ್ಟ ಹೊರಹೋಗುವ ಪೈಪಿನ ತಳಕ್ಕೆ ಸರಿಯಾಗಿರಬೇಕು. ಮೇಲಿದ್ದರೆ ಇಂಗುಗುಂಡಿ ನೀರು ಹೀರುತ್ತಿಲ್ಲ. ಕೆಳಗಿದ್ದರೆ ಟ್ಯಾಂಕ್ ಸೋರುತ್ತಿದೆ, ಇಲ್ಲವೇ ಮೊನ್ನೆಮೊನ್ನೆ ಖಾಲಿ ಮಾಡಿಸಿದ್ದಾರೆ. ಯಾವಾಗ ಖಾಲಿ ಮಾಡಿಸಿದಿರಿ ಎಂದು ಕೇಳಿ.

ಇನ್ನು ನೀರು ಬರುವ ಕಡೆ. ಮೊದಲು ಮೀಟರ್ ಪರೀಕ್ಷೆ: ಎಲ್ಲ ನಲ್ಲಿ ಮುಚ್ಚಿ, ಟ್ಯಾಂಕ್ ತುಂಬಿ ಒಳಬರುವ ನೀರು ನಿಂತ ಮೇಲೆ ಅಂಕಿ ಬರೆದುಕೊಳ್ಳಿ. ಒಂದು ಗಂಟೆ ಯಾರೂ ನೀರು ಮುಟ್ಟಬಾರದು. ಮುಳ್ಳು ಕದಲಿದರೆ ಮೀಟರಿನಿಂದ ಈಚೆ ಎಲ್ಲೋ ಸೋರಿಕೆಯಿದೆ. ಓವರ್‌ಹೆಡ್ ಟ್ಯಾಂಕಿನಿಂದ ಕೆಳಗಿನ ಪೈಪುಗಳಿಗೆ ಬೇರೆ ಉಪಾಯ. ಟ್ಯಾಂಕಿಗೆ ಬರುವ ವಾಲ್ವು ಮುಚ್ಚಿ ನೀರಿನ ಮಟ್ಟಕ್ಕೆ ಗುರುತು ಹಾಕಿ. ಒಂದು ಚದರ ಮೀಟರ್ ತಳವಿರುವ ಟ್ಯಾಂಕಿನಲ್ಲಿ ಒಂದು ಮಿ.ಮೀ. ಇಳಿದರೆ ಒಂದು ಲೀಟರ್ ಹೋದಂತೆ. ರಾತ್ರಿಯಿಡೀ ಬಿಟ್ಟರೆ ಸಣ್ಣ ಸೋರಿಕೆಯೂ ಸಿಕ್ಕಿಬೀಳುತ್ತದೆ. ಬಹಳ ಸಲ ಕಳ್ಳ ಫ್ಲಶ್ ಟ್ಯಾಂಕ್ ಆಗಿರುತ್ತದೆ. ಅದರಲ್ಲಿ ಅಡುಗೆ ಬಣ್ಣದ ನಾಲ್ಕು ಹನಿ ಹಾಕಿ ಅರ್ಧ ಗಂಟೆ ಫ್ಲಶ್ ಮಾಡದೆ ಬಿಡಿ. ಕಮೋಡಿನ ನೀರಿಗೆ ಬಣ್ಣ ಬಂದರೆ ಒಳಗಿನ ರಬ್ಬರ್ ಸವೆದಿದೆ.

ನೀರು ಜೋರಾಗಿ ಬಂತು ಎಂದಿದ್ದೀರಿ. ಪ್ರೆಶರ್ ಪಂಪ್ ಇದ್ದರೆ ಅದನ್ನು ಆರಿಸಿ ಇನ್ನೊಮ್ಮೆ ನೋಡಿ. ಟ್ಯಾಂಕಿನ ನೀರು ಶವರಿಗಿಂತ 10 ಮೀಟರ್ ಮೇಲಿದ್ದರೆ ಒತ್ತಡ ಸುಮಾರು 1 ಬಾರ್, ಮೂರೇ ಮೀಟರ್ ಇದ್ದರೆ ಬರೀ 0.3 ಬಾರ್. ಒಂದು ನಲ್ಲಿ ತೆರೆದಾಗ ಜೋರಾಗಿದ್ದು, ಎರಡನೆಯದು ತೆರೆದ ಕೂಡಲೇ ಸೊರಗಿದರೆ ಹಳೆಯ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು ಒಳಗೆ ತುಕ್ಕು ಕಟ್ಟಿ ಕಿರಿದಾಗಿರಬಹುದು. ಕಾಣುವ ಪೈಪಿಗೆ ಅಯಸ್ಕಾಂತ ಹಿಡಿದು ನೋಡಿ: ಜಿಐಗೆ ಕಚ್ಚುತ್ತದೆ, ತಾಮ್ರ, ಸೀಸ, ಪ್ಲಾಸ್ಟಿಕ್‌ಗೆ ಕಚ್ಚುವುದಿಲ್ಲ. ಕಚ್ಚದ ಬೂದು ಲೋಹವನ್ನು ಉಗುರಿನಿಂದ ಗೀರಿದಾಗ ಹೊಳೆಯುವ ಬೆಳ್ಳಿ ಬಣ್ಣ ಬಂದರೆ ಅದು ಸೀಸ. ಅಂಥ ಪೈಪಿನ ನೀರು ಕುಡಿಯಲು ಯೋಗ್ಯವಲ್ಲ. ಬೆಳಗಿನ ಮೊದಲ ನೀರನ್ನು ಬಿಳಿ ಪಾತ್ರೆಯಲ್ಲಿ ಹಿಡಿಯಿರಿ. ಬಿಸಿನೀರು ಮಾತ್ರ ಕಂದಾಗಿದ್ದರೆ ಗೀಸರಿನ ಒಳಟ್ಯಾಂಕಿನ ಮೇಲೆ ಮೊದಲ ಅನುಮಾನ, ಎರಡೂ ಕಂದಾಗಿದ್ದರೆ ಪೈಪುಗಳ ಮೇಲೆ. ಗೀಸರಿನ ಸೇಫ್ಟಿ ವಾಲ್ವಿನ ಬಾಯಿಗೆ ಯಾರಾದರೂ ಬಿರಡೆ ಹಾಕಿದ್ದರೆ ಅದನ್ನು ಸರಿಪಡಿಸುವವರೆಗೆ ಸ್ವಿಚ್ ಹಾಕಲೇಬೇಡಿ, ಒತ್ತಡ ಏರಿ ಟ್ಯಾಂಕ್ ಸಿಡಿಯಬಹುದು.

ಸಿಂಕಿನ ಕೆಳಗಿನ ಜಾಯಿಂಟುಗಳ ಸುತ್ತ ಒಣ ಟಿಶ್ಯೂ ಒತ್ತಿ ನೋಡಿ, ಕಣ್ಣಿಗೆ ಕಾಣದ ತೇವ ಅದರಲ್ಲಿ ಮೂಡುತ್ತದೆ. ಬಚ್ಚಲಿನ ಹಿಂಭಾಗದ ಗೋಡೆಯ ಬುಡದಲ್ಲಿ ಬಣ್ಣ ಉಬ್ಬಿದೆಯೇ, ಬಿಳಿ ಉಪ್ಪು ಒಸರಿದೆಯೇ, ಅಲ್ಲಿ ಮಾತ್ರ ಹೊಸ ಬಣ್ಣ ಬಳಿದಿದ್ದಾರೆಯೇ ಗಮನಿಸಿ. ಅನುಮಾನವಿದ್ದರೆ ಮಾರುವವರ ಒಪ್ಪಿಗೆ ಪಡೆದು, ಬಚ್ಚಲಿನ ಕಿಂಡಿ ಮುಚ್ಚಿ, ನೆಲದ ಮೇಲೆ 25 ಮಿ.ಮೀ. ನೀರು 24 ಗಂಟೆ ನಿಲ್ಲಿಸಿ ಕೆಳಗಿನ ಛಾವಣಿ ನೋಡಬೇಕು. ಫ್ಲ್ಯಾಟ್ ಆದರೆ ಕೆಳಗಿನ ಮನೆಯವರನ್ನೂ ಮೊದಲೇ ಕೇಳಿಕೊಳ್ಳಿ.

ಗೇಟ್ ವಾಲ್ವು ತಿರುಗದಿದ್ದರೆ ಬಲ ಹಾಕಬೇಡಿ. ಮುರಿದರೆ ಜವಾಬ್ದಾರಿ ನಿಮ್ಮದು. ತಿರುಗುತ್ತಿಲ್ಲ ಎಂದು ಬರೆದುಕೊಂಡರೆ ಸಾಕು. ಮನೆ ತಿಂಗಳುಗಟ್ಟಲೆ ಖಾಲಿಯಿದ್ದರೆ ತಪಾಸಣೆಗೆ ಒಂದು ದಿನ ಮುಂಚೆಯೇ ನೀರು ಬಿಡಿಸಿ, ಏಕೆಂದರೆ ಒಣಗಿ ಕುಗ್ಗಿದ ವಾಶರುಗಳ ಬಣ್ಣ ಬಯಲಾಗಲು ಸ್ವಲ್ಪ ಹೊತ್ತು ಬೇಕು.

ಪ್ಲಂಬರನ್ನು ನೀವೇ ಗೊತ್ತುಮಾಡಿ, ಮಾರುವವರ ಕಡೆಯವರು ಬೇಡ. ರಿಪೇರಿ ಕೆಲಸವೂ ತನಗೇ ಸಿಗಲಿ ಎಂದು ಕಾಯುವವರೂ ಬೇಡ. ಕರಾರಿಗೆ ಸಹಿ ಹಾಕುವ ಮುಂಚೆಯೇ ಫೋಟೋ ಸಹಿತ ಲಿಖಿತ ವರದಿ ಕೈಸೇರಲಿ, ಈಗಲೇ ಆಗಬೇಕಾದ ಕೆಲಸ ಯಾವುದು, ಕಾಯಬಹುದಾದದ್ದು ಯಾವುದು ಎಂದು ಅದರಲ್ಲಿ ಬೇರೆಬೇರೆಯಾಗಿ ಬರೆದಿರಲಿ. ದೋಷ ಕಂಡರೆ ರಿಪೇರಿಯ ಖರ್ಚನ್ನು ಬೆಲೆಯಲ್ಲಿ ಕಳೆಯುವಂತೆ ಕೇಳುವುದೇ ಮೇಲು. ನಾವೇ ಮಾಡಿಸಿಕೊಡುತ್ತೇವೆ ಎಂದು ಅವರು ಹಟ ಹಿಡಿದರೆ, ಗೋಡೆ ಮತ್ತು ನೆಲ ಮುಚ್ಚುವ ಮುಂಚೆ ನಿಮ್ಮ ಪ್ಲಂಬರ್ ಬಂದು ನೋಡುತ್ತಾರೆ ಎಂಬ ಷರತ್ತನ್ನು ಕರಾರಿನಲ್ಲಿ ಬರೆಸಿ. ಟೈಲ್ಸ್ ಕೂರಿಸಿದ ಮೇಲೆ ಒಳಗೆ ಪೈಪು ಬದಲಾಯಿಸಿದ್ದಾರೋ ಸಿಮೆಂಟ್ ಮೆತ್ತಿ ಬಿಟ್ಟಿದ್ದಾರೋ ಹೇಳಲು ಬರುವುದಿಲ್ಲ.