ಪಿತ್ತಕಲ್ಲು ಕರುಳಿಗೆ ಅಡ್ಡ ಕೂತಾಗ: ಗಾಲ್‌ಸ್ಟೋನ್ ಇಲಿಯಸ್ ಟಿಪ್ಪಣಿ

ಎಡವಟ್ಟು ಹೆಸರಿನಿಂದಲೇ ಶುರು. ಇಲಿಯಸ್ ಅಂದರೆ ಕರುಳು ಚಲನೆ ಬಿಟ್ಟು ಸುಮ್ಮನಾಗಿರುವ ಸ್ಥಿತಿ. ಇಲ್ಲಿ ಕರುಳು ಸುಮ್ಮನಿಲ್ಲ. ಕಲ್ಲೊಂದು ದಾರಿಗೆ ಅಡ್ಡ ಕೂತಿದೆ, ಅದನ್ನು ಮುಂದೆ ತಳ್ಳಲು ಕರುಳು ಒದ್ದಾಡುತ್ತಿದೆ. ಅಂದರೆ ಇದು ಅಪ್ಪಟ ಯಾಂತ್ರಿಕ ಅಡಚಣೆ. ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಮೊದಲ ಪ್ರಶ್ನೆ ಇದೇ ಆಗಿರಬಹುದು. 1654ರಲ್ಲಿ ಥಾಮಸ್ ಬಾರ್ತೊಲಿನ್ ಶವಪರೀಕ್ಷೆಯಲ್ಲಿ ಕಂಡು ವರ್ಣಿಸಿದ ಕಾಯಿಲೆಗೆ ಇಂದಿಗೂ ತಪ್ಪು ಹೆಸರೇ ಗಟ್ಟಿ.

ಕಲ್ಲು ಕರುಳಿಗೆ ಬರುವುದು ಹೇಗೆ? ಪಿತ್ತನಾಳದ ಮೂಲಕ ಅಂದುಕೊಂಡರೆ ತಪ್ಪು. ಅಡಚಣೆ ಮಾಡುವ ಕಲ್ಲು ಸಾಮಾನ್ಯವಾಗಿ 2ರಿಂದ 2.5 ಸೆಂ.ಮೀ.ಗಿಂತ ದೊಡ್ಡದು, ಅಷ್ಟು ದೊಡ್ಡದು ನಾಳದಲ್ಲಿ ಇಳಿಯುವುದಿಲ್ಲ. ಪಿತ್ತಕೋಶ ಮತ್ತೆ ಮತ್ತೆ ಉರಿಯೂತಕ್ಕೆ ಸಿಕ್ಕಿ ಪಕ್ಕದ ಡ್ಯುಯೊಡಿನಮ್‌ಗೆ (ಸಣ್ಣ ಕರುಳಿನ ಮೊದಲ ಭಾಗಕ್ಕೆ) ಅಂಟಿಕೊಳ್ಳುತ್ತದೆ. ಒಳಗಿನ ಕಲ್ಲು ಒತ್ತಿ ಒತ್ತಿ ಗೋಡೆಯ ರಕ್ತಸಂಚಾರ ಕಡಿದು, ಅಲ್ಲಿನ ಅಂಗಾಂಶ ಸತ್ತು, ಎರಡರ ನಡುವೆ ತೂತು ಬೀಳುತ್ತದೆ. ಈ ತೂತೇ ಫಿಸ್ಟುಲಾ. ಜಠರಕ್ಕೋ ದೊಡ್ಡ ಕರುಳಿಗೋ ಫಿಸ್ಟುಲಾ ಆಗುವುದೂ ಉಂಟು, ಆದರೆ ಹೆಚ್ಚಿನವು ಡ್ಯುಯೊಡಿನಮ್‌ಗೇ.

ಅಲ್ಲಿಂದ ಕಲ್ಲು ಉರುಳುತ್ತಾ ಹೋಗಿ ಸಣ್ಣ ಕರುಳಿನ ಕೊನೆಯ ಭಾಗವಾದ ಇಲಿಯಮ್‌ನ ತುದಿಯಲ್ಲಿ, ದೊಡ್ಡ ಕರುಳು ಸೇರುವಲ್ಲಿರುವ ಇಲಿಯೊಸೀಕಲ್ ಕವಾಟಕ್ಕೆ ಸ್ವಲ್ಪ ಮೊದಲು ಸಿಕ್ಕಿಕೊಳ್ಳುತ್ತದೆ. ಸಣ್ಣ ಕರುಳಿನಲ್ಲಿ ಅತಿ ಕಿರಿದಾದ ಜಾಗ ಅದು. ತಳ್ಳುವ ಬಲವೂ ಅಲ್ಲಿ ಕಡಿಮೆ. ಮೇಲೆಯೇ, ಡ್ಯುಯೊಡಿನಮ್‌ನಲ್ಲಿ ಸಿಕ್ಕಿ ಜಠರದಿಂದ ಹೊರಹೋಗುವ ದಾರಿ ಕಟ್ಟಿದರೆ ಅದು ಬುವೆರೆ ಸಿಂಡ್ರೋಮ್.

ರೋಗಿ ಹೆಚ್ಚಾಗಿ 65 ದಾಟಿದ ಹೆಂಗಸು. ಇಲ್ಲಿ ಮೋಸ ಹೋಗುವುದು ಹೀಗೆ: ಹೊಟ್ಟೆನೋವು, ವಾಂತಿ ಬರುತ್ತದೆ, ಕಲ್ಲು ಸಡಿಲಾಗಿ ಮುಂದೆ ಸರಿದೊಡನೆ ಕಡಿಮೆಯಾಗುತ್ತದೆ. ‘ಅಜ್ಜಿಗೆ ಈಗ ಆರಾಮ’ ಎಂದು ಮನೆಯವರು ಹೇಳುತ್ತಾರೆ. ಎರಡು ದಿನಕ್ಕೆ ಮತ್ತೆ ಅದೇ ಕಥೆ. ನೋವಿನ ಜಾಗವೂ ಬದಲಾಗುತ್ತಿರುತ್ತದೆ. ಆಸ್ಪತ್ರೆಗೆ ತಡವಾಗಿ ಬರಲು ಇದೇ ಮುಖ್ಯ ಕಾರಣ. ಕಾಮಾಲೆ ಇಲ್ಲವೆಂದು ಪಿತ್ತಕಲ್ಲನ್ನು ಮನಸ್ಸಿನಿಂದ ತೆಗೆದುಹಾಕಬೇಡಿ, ಬಹುಪಾಲು ರೋಗಿಗಳಲ್ಲಿ ಅದು ಇರುವುದೇ ಇಲ್ಲ. ಹಿಂದೆ ಹೊಟ್ಟೆಯ ಆಪರೇಷನ್ ಆಗಿಲ್ಲ, ಹರ್ನಿಯಾ ಇಲ್ಲ, ಆದರೂ ಸಣ್ಣ ಕರುಳು ಕಟ್ಟಿದೆ ಅಂದರೆ ಈ ಕಾಯಿಲೆ ನೆನಪಾಗಬೇಕು.

ಎಕ್ಸ್‌ರೇಯಲ್ಲಿ ಹುಡುಕಬೇಕಾದ ಮೂರು ಗುರುತುಗಳನ್ನು ರಿಗ್ಲರ್ ಮತ್ತು ಸಂಗಡಿಗರು 1941ರಲ್ಲಿ ಹೇಳಿದರು: ಉಬ್ಬಿದ ಸಣ್ಣ ಕರುಳು, ಫಿಸ್ಟುಲಾ ಮೂಲಕ ಪಿತ್ತನಾಳಗಳಿಗೆ ನುಗ್ಗಿದ ಗಾಳಿ, ಇರಬಾರದ ಜಾಗದಲ್ಲಿ ಕಲ್ಲು. ಕೇಳಲು ಚೆಂದ, ಮೂರೂ ಒಟ್ಟಿಗೆ ಕಾಣುವುದು ಅರ್ಧಕ್ಕಿಂತ ಕಡಿಮೆ ರೋಗಿಗಳಲ್ಲಿ. ಬಹುತೇಕ ಪಿತ್ತಕಲ್ಲುಗಳಲ್ಲಿ ಕ್ಯಾಲ್ಸಿಯಂ ಸಾಲದು, ಹಾಗಾಗಿ ಎಕ್ಸ್‌ರೇಗೆ ಬೀಳುವುದಿಲ್ಲ. ಆದ್ದರಿಂದ ಸಿಟಿ ಸ್ಕ್ಯಾನೇ ಗತಿ. ಅದರಲ್ಲೂ ಕಲ್ಲಿನ ಅಂಚು ಮಾತ್ರ ಉಂಗುರದಂತೆ ಬೆಳ್ಳಗೆ ಕಾಣಬಹುದು. ಕ್ಯಾಲ್ಸಿಯಂ ಇಲ್ಲದ ಭಾಗ ಕಣ್ತಪ್ಪುವುದರಿಂದ ನಿಜವಾದ ಗಾತ್ರ ಅಳತೆಗಿಂತ ದೊಡ್ಡದಿರಬಹುದು.

ಗಾಳಿಯ ವಿಷಯದಲ್ಲಿ ಎರಡು ಎಚ್ಚರಿಕೆ. ಪಿತ್ತನಾಳದ ಗಾಳಿ ಯಕೃತ್ತಿನ ನಡುಭಾಗದಲ್ಲಿ ಗುಂಪುಗೂಡುತ್ತದೆ. ಅಂಚಿನವರೆಗೂ ಹರಡಿದ್ದರೆ ಅದು ಕರುಳಿನಿಂದ ಯಕೃತ್ತಿಗೆ ರಕ್ತ ಒಯ್ಯುವ ಪೋರ್ಟಲ್ ರಕ್ತನಾಳದ ಗಾಳಿ, ಕರುಳು ಕೊಳೆಯುತ್ತಿರಬಹುದು ಎಂಬ ಬೇರೆಯೇ ಅಪಾಯದ ಗಂಟೆ. ಎರಡನೆಯದು, ಹಿಂದೆ ಇಆರ್‌ಸಿಪಿ (ಬಾಯಿಯಿಂದ ಎಂಡೋಸ್ಕೋಪ್ ಇಳಿಸಿ ಪಿತ್ತನಾಳಕ್ಕೆ ಮಾಡುವ ಚಿಕಿತ್ಸೆ) ಮಾಡಿ ಸ್ಫಿಂಕ್ಟರ್, ಅಂದರೆ ನಾಳದ ತುದಿಯ ಬಿಗಿ ಸ್ನಾಯು, ಕತ್ತರಿಸಿದವರಲ್ಲಿ ಫಿಸ್ಟುಲಾ ಇಲ್ಲದೆಯೂ ಪಿತ್ತನಾಳದಲ್ಲಿ ಗಾಳಿ ಇರಬಹುದು. ಹಳೆಯ ಚೀಟಿ ನೋಡದೆ ತೀರ್ಮಾನ ಬೇಡ.

ಚಿಕಿತ್ಸೆ ಆಪರೇಷನ್ನೇ, ಆದರೆ ಮೊದಲು ರೋಗಿಯನ್ನು ಅದಕ್ಕೆ ಸಿದ್ಧಗೊಳಿಸಬೇಕು. ದಿನಗಟ್ಟಲೆ ವಾಂತಿಯಾಗಿ ನೀರು, ಕ್ಲೋರೈಡ್, ಪೊಟ್ಯಾಸಿಯಂ ಎಲ್ಲ ಇಳಿದಿರುತ್ತವೆ. ರೈಲ್ಸ್ ಟ್ಯೂಬ್ (ಮೂಗಿನಿಂದ ಜಠರಕ್ಕೆ ಇಳಿಸುವ ನಳಿಕೆ) ಹಾಕಿ, ಸಲೈನ್ ಕೊಟ್ಟು, ಗಂಟೆಗೆ ಪ್ರತಿ ಕೆ.ಜಿ. ತೂಕಕ್ಕೆ ಕನಿಷ್ಠ 0.5 ಮಿ.ಲೀ. ಮೂತ್ರ ಬರುತ್ತಿದೆಯೇ ನೋಡಿ. ಮೂತ್ರ ಬರುತ್ತಿದೆ ಎಂದು ಖಾತ್ರಿಯಾದ ಮೇಲೆ ಪೊಟ್ಯಾಸಿಯಂ ತುಂಬುವುದು.

ಆಪರೇಷನ್ ಹೆಸರು ಎಂಟರೊಲಿಥಾಟಮಿ, ಅಂದರೆ ಕರುಳು ಕೊಯ್ದು ಕಲ್ಲು ತೆಗೆಯುವುದು. ಕಲ್ಲು ಕೂತ ಜಾಗದ ಮೇಲೆಯೇ ಕೊಯ್ಯಬಾರದು. ಅಲ್ಲಿನ ಗೋಡೆ ಊದಿ ದುರ್ಬಲವಾಗಿರುತ್ತದೆ, ಹೊಲಿಗೆ ಹಿಡಿಯದು. ಬೆರಳುಗಳಿಂದ ಮೆಲ್ಲಗೆ ಕಲ್ಲನ್ನು ಹಿಂದಕ್ಕೆ, ಆರೋಗ್ಯವಾಗಿರುವ ಭಾಗಕ್ಕೆ ಸರಿಸಿ. ಮೆಸೆಂಟರಿ (ಕರುಳಿಗೆ ರಕ್ತನಾಳ ತರುವ ಪೊರೆ) ಅಂಟಿರುವ ಬದಿಯ ಎದುರು ಅಂಚಿನಲ್ಲಿ ಕರುಳಿನುದ್ದಕ್ಕೆ ಕೊಯ್ದು, ಕಲ್ಲು ತೆಗೆದು, ಅಡ್ಡಕ್ಕೆ ಹೊಲಿಯಿರಿ. ಉದ್ದಕ್ಕೇ ಹೊಲಿದರೆ ಕರುಳು ಕಿರಿದಾಗುತ್ತದೆ. ಕಲ್ಲನ್ನು ಒತ್ತಿ ಇಲಿಯೊಸೀಕಲ್ ಕವಾಟ ದಾಟಿಸುವ ಆಸೆ ಬೇಡ, ಗೋಡೆ ಹರಿಯಬಹುದು. ಕರುಳು ಕಪ್ಪಾಗಿದ್ದರೆ, ತೂತಾಗಿದ್ದರೆ ಆ ತುಂಡನ್ನೇ ತೆಗೆಯಬೇಕು.

ಚರ್ಚೆ ಇರುವುದು ಪಿತ್ತಕೋಶ ಮತ್ತು ಫಿಸ್ಟುಲಾವನ್ನೂ ಅದೇ ಸಲ ಸರಿಪಡಿಸಬೇಕೇ ಎಂಬಲ್ಲಿ. ರೈಸ್ನರ್ ಮತ್ತು ಕೋಹೆನ್ 1994ರಲ್ಲಿ 1001 ರೋಗಿಗಳ ವಿವರ ಒಟ್ಟುಗೂಡಿಸಿದಾಗ, ಎಲ್ಲವನ್ನೂ ಒಂದೇ ಸಲ ಮಾಡಿದವರಲ್ಲಿ ಸಾವು 16.9%, ಕಲ್ಲು ಮಾತ್ರ ತೆಗೆದವರಲ್ಲಿ 11.7%. ವಯಸ್ಸಾದ, ಸುಸ್ತಾದ ರೋಗಿಯಲ್ಲಿ ಅಂಟಿ ಗಟ್ಟಿಯಾದ ಆ ಜಾಗಕ್ಕೆ ಕೈ ಹಾಕದಿರುವುದೇ ಜಾಣತನ. ಎಷ್ಟೋ ಫಿಸ್ಟುಲಾಗಳು ತಾವಾಗಿಯೇ ಮುಚ್ಚಿಕೊಳ್ಳುತ್ತವೆ.

ಹೊಟ್ಟೆ ಮುಚ್ಚುವ ಮುನ್ನ ತೆಗೆದ ಕಲ್ಲನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ. ಒಂದು ಬದಿ ಉಜ್ಜಿದಂತೆ ಚಪ್ಪಟೆಯಾಗಿದ್ದರೆ ಅದಕ್ಕೆ ಒತ್ತಿಕೊಂಡು ಕೂತಿದ್ದ ಜೊತೆಗಾರ ಕಲ್ಲು ಇನ್ನೊಂದು ಎಲ್ಲೋ ಇರಬಹುದು. ಡ್ಯುಯೊಡಿನಮ್‌ನಿಂದ ಸೀಕಮ್‌ವರೆಗೆ (ದೊಡ್ಡ ಕರುಳಿನ ಆರಂಭದವರೆಗೆ) ಇಡೀ ಕರುಳನ್ನು ಬೆರಳುಗಳ ನಡುವೆ ಹಾಯಿಸಿ ಹುಡುಕಿ, ಪಿತ್ತಕೋಶವನ್ನೂ ಮುಟ್ಟಿ ನೋಡಿ.