ಸೋರುವ ಗುಡಿಗೆ ಸಿಮೆಂಟ್ ಮದ್ದಲ್ಲ

ಊರಿನ ಹಳೇ ಕಲ್ಲಿನ ಗುಡಿ ಸೋರುತ್ತಿದೆ ಅಂದರೆ ಜೀರ್ಣೋದ್ಧಾರ ಸಮಿತಿಯವರು ಮೊದಲು ತರಿಸುವುದು ಸಿಮೆಂಟ್ ಮೂಟೆ. ಮಾಡಿನ ಮೇಲೆ ಕಾಂಕ್ರೀಟ್ ಹಾಕಿಸುತ್ತಾರೆ, ಗೋಡೆಯ ಸಂದುಗಳಿಗೆ ಸಿಮೆಂಟ್ ಮೆತ್ತಿಸುತ್ತಾರೆ, ಒಳಗೆ ಟೈಲ್ಸ್ ಕೂರಿಸುತ್ತಾರೆ. ದುಡ್ಡು ಊರವರದ್ದು. ಅವರ ಶ್ರದ್ಧೆಯೂ ನಿಜವಾದದ್ದು. ಹಾಗಾಗಿ ಬೇಡ ಅನ್ನುವುದು ಕಷ್ಟ. ಆದರೂ ಹಳೇ ಗುಡಿಗಳ ಸಂರಕ್ಷಣೆಯನ್ನೇ ವೃತ್ತಿ ಮಾಡಿಕೊಂಡ ನಾನು ಹೋದಲ್ಲೆಲ್ಲ ಮೊದಲು ಹೇಳುವ ಮಾತು ಇದೇ: ಸಿಮೆಂಟ್ ಬೇಡ.

ಯಾಕೆ ಅಂತ ತಿಳಿಯಬೇಕಾದರೆ ಈ ಗುಡಿಗಳು ಹೇಗೆ ನಿಂತಿವೆ ಅಂತ ನೋಡಬೇಕು. ಬಹುಪಾಲು ಕಲ್ಲಿನ ಗುಡಿಗಳಲ್ಲಿ ಕಲ್ಲುಗಳನ್ನು ಅಂಟಿಸಿಲ್ಲ. ನುಣ್ಣಗೆ ಕೆತ್ತಿ ಒಂದರ ಮೇಲೊಂದು ಕೂರಿಸಿದ್ದಾರೆ. ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಚಪ್ಪಡಿ. ಭಾರ ನೇರವಾಗಿ ನೆಲಕ್ಕೆ ಇಳಿಯುತ್ತದೆ. ಮೇಲಿನಿಂದ ಎಷ್ಟು ಭಾರ ಹೇರಿದರೂ ಕಲ್ಲು ತಡೆಯುತ್ತದೆ, ಆದರೆ ಬಗ್ಗಿಸಿದರೆ ಮುರಿಯುತ್ತದೆ. ನವರಂಗದಲ್ಲಿ, ಅಂದರೆ ಗರ್ಭಗುಡಿಯ ಮುಂದಿನ ಕಂಬಗಳ ಮಂಟಪದಲ್ಲಿ, ಕಂಬಗಳು ಅಷ್ಟು ಹತ್ತಿರ ಹತ್ತಿರ ಇರುವುದು ಇದಕ್ಕೇ. ಬೋದಿಗೆ ಎರಡೂ ಕಡೆ ಕೈ ಚಾಚಿರುವುದೂ ಇದಕ್ಕೇ. ಅದು ಚಾಚಿದಷ್ಟೂ ತೊಲೆ ದಾಟಬೇಕಾದ ದೂರ ಕಡಿಮೆ ಆಗುತ್ತದೆ. ನಡುವಿನ ಅಂಕಣದ ಭುವನೇಶ್ವರಿಯನ್ನು, ಅಂದರೆ ನಾಲ್ಕು ಕಂಬಗಳ ನಡುವಿನ ಚಾವಣಿಯನ್ನು ನೋಡಿ. ನಾಲ್ಕು ಮೂಲೆಗೆ ತ್ರಿಕೋನದ ಕಲ್ಲು ಇಟ್ಟು, ಅದರ ಮೇಲೆ ಮತ್ತೊಂದು ಸುತ್ತು ಇಟ್ಟು, ಬಯಲನ್ನು ಕಿರಿದು ಮಾಡುತ್ತಾ ಹೋಗಿ, ಕೊನೆಗೆ ಸಣ್ಣದೊಂದು ಕಲ್ಲಿನಿಂದ ಮುಚ್ಚಿದ್ದಾರೆ. ನಾವು ಅಲಂಕಾರ ಅಂದುಕೊಳ್ಳುವುದರಲ್ಲಿ ಎಷ್ಟೋ ಭಾಗ ಲೆಕ್ಕಾಚಾರವೇ.

ಗೋಡೆಯ ಕಥೆ ಬೇರೆ. ಹೊರಗಿನಿಂದ ಒಂದೇ ದಪ್ಪ ಕಲ್ಲಿನ ಹಾಗೆ ಕಂಡರೂ ಸಾಮಾನ್ಯವಾಗಿ ಅದು ಎರಡು ಪದರ. ಹೊರಗೊಂದು ಸಾಲು, ಒಳಗೊಂದು ಸಾಲು, ನಡುವೆ ಚೂರುಕಲ್ಲು ಮತ್ತು ಮಣ್ಣು. ಈ ನಡುವಿನ ಭಾಗಕ್ಕೆ ನೀರು ಇಳಿಯಿತೋ, ಮಣ್ಣು ಕರಗಿ ಕೆಳಗೆ ಕೂರುತ್ತದೆ. ಕೂತ ಮಣ್ಣು ಹೊರಗಿನ ಸಾಲನ್ನು ನೂಕುತ್ತದೆ. ಆಗ ಗೋಡೆ ಹೊಟ್ಟೆ ಬಿಡುತ್ತದೆ. ಬೀಳುವ ಹಂತಕ್ಕೆ ಬಂದ ಗುಡಿಗಳಲ್ಲಿ ನಾನು ಹೆಚ್ಚಾಗಿ ಕಾಣುವ ಕಾಯಿಲೆ ಇದೇ.

ಕಟ್ಟಿದವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಕಪೋತ, ಅಂದರೆ ಹೊರಗೆ ಚಾಚಿದ ಕಲ್ಲಿನ ಸೂರು, ಮಳೆನೀರನ್ನು ಗೋಡೆಗೆ ತಾಗದಂತೆ ದೂರ ಎಸೆಯುತ್ತದೆ. ಅಧಿಷ್ಠಾನ, ಅಂದರೆ ಗುಡಿಯ ಬುಡದ ಜಗತಿ, ಗೋಡೆಯನ್ನು ನೆಲದಿಂದ ಎತ್ತರದಲ್ಲಿ ಇಡುತ್ತದೆ. ಅಭಿಷೇಕದ ನೀರು ಪ್ರಣಾಳದಿಂದ, ಅಂದರೆ ಕಲ್ಲಿನ ದೋಣಿಯಿಂದ, ಹೊರಗೆ ಹೋಗುತ್ತದೆ. ಐಹೊಳೆಯ ಲಾಡಖಾನ್ ಗುಡಿಯ ಮಾಡನ್ನು ಒಮ್ಮೆ ಗಮನಿಸಿ. ಇಳಿಜಾರಾಗಿ ಹಾಸಿದ ಚಪ್ಪಡಿಗಳು, ಎರಡು ಚಪ್ಪಡಿ ಸೇರುವ ಸಂದಿನ ಮೇಲೆ ಉದ್ದಕ್ಕೂ ಮಲಗಿಸಿದ ಸಣ್ಣ ಕಲ್ಲಿನ ಪಟ್ಟಿ. ನೀರು ಸಂದಿಗೆ ಹೋಗುವ ದಾರಿಯನ್ನೇ ಕಲ್ಲಿನಿಂದ ಮುಚ್ಚಿಬಿಟ್ಟಿದ್ದಾರೆ. ಅಂಟು ಬೇಕೇ ಆಗಿಲ್ಲ!

ಸಮಿತಿಯವರು ಕೇಳುತ್ತಾರೆ, 'ಅಲ್ಲ ಸಾರ್, ಸಿಮೆಂಟ್ ಸುಣ್ಣಕ್ಕಿಂತ ಗಟ್ಟಿ ಅಲ್ವಾ?' ಗಟ್ಟಿಯೇ. ತೊಂದರೆ ಇರುವುದೂ ಅಲ್ಲೇ. ಹಳೇ ಗೋಡೆಯಲ್ಲಿ ಸದಾ ಸ್ವಲ್ಪ ತೇವ ಇರುತ್ತದೆ. ನೆಲದಿಂದ ಏರುತ್ತದೆ, ಮಳೆಯಿಂದ ಬರುತ್ತದೆ. ಅದು ಆರಿ ಹೋಗಬೇಕು. ಸುಣ್ಣದ ಗಾರೆಯ ಸಂದು ತೇವವನ್ನು ಹೊರಗೆ ಬಿಡುತ್ತದೆ. ಸಿಮೆಂಟ್ ಸಂದು ಬಿಡುವುದಿಲ್ಲ. ಆಗ ತೇವ ಕಲ್ಲಿನ ಮೂಲಕವೇ ಹೊರಬರಬೇಕಾಗುತ್ತದೆ, ಬರುವಾಗ ಉಪ್ಪನ್ನೂ ಹೊತ್ತು ತರುತ್ತದೆ. ಸಿಮೆಂಟಿನಲ್ಲೇ ಕರಗುವ ಲವಣಗಳು ಇರುತ್ತವೆ ಅನ್ನುವುದು ಇನ್ನೊಂದು ಕೇಡು. ನೀರು ಆರುತ್ತದೆ, ಉಪ್ಪು ಕಲ್ಲಿನ ಮೇಲ್ಮೈ ಹಿಂದೆಯೇ ಹರಳುಗಟ್ಟುತ್ತದೆ. ಹರಳು ಬೆಳೆದ ಹಾಗೆ ಮೇಲಿನ ಪದರ ಸಿಡಿಯುತ್ತದೆ.

ಹಿಂದೆ ಯಾವಾಗಲೋ ಸಿಮೆಂಟ್ ಮೆತ್ತಿದ ಮರಳುಗಲ್ಲಿನ ಗೋಡೆ ಸಿಕ್ಕರೆ ಹತ್ತಿರ ಹೋಗಿ ನೋಡಿ. ಸಿಮೆಂಟ್ ಪಟ್ಟಿ ಹಾಗೇ ಇರುತ್ತದೆ. ಅದರ ಎರಡೂ ಪಕ್ಕದ ಕಲ್ಲು ಒಳಗೆ ಸವೆದು ಹೋಗಿರುತ್ತದೆ. ಅಂಚಿನಲ್ಲಿ ಬಿಳಿ ಹುಡಿ. ಬೆರಳಾಡಿಸಿದರೆ ಕಲ್ಲು ಪುಡಿಪುಡಿಯಾಗಿ ಉದುರುತ್ತದೆ. ಸಿಮೆಂಟ್ ಉಳಿದು ಕಲ್ಲು ಹೋಗುವುದು ಅಂದರೆ ಇದು. ಸುಣ್ಣ ಹಾಕಿದ್ದರೆ ಸುಣ್ಣ ಹೋಗುತ್ತಿತ್ತು, ಮತ್ತೆ ತುಂಬಬಹುದಿತ್ತು.

ಮಾಡಿನ ಮೇಲಿನ ಕಾಂಕ್ರೀಟಿನದು ಇನ್ನೂ ದೊಡ್ಡ ಅಪಾಯ. 10 ಸೆಂಟಿಮೀಟರ್ ದಪ್ಪದ ಕಾಂಕ್ರೀಟ್ ಒಂದು ಚದರ ಮೀಟರಿಗೆ ಸುಮಾರು 240 ಕಿಲೋ ತೂಗುತ್ತದೆ. ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ನವರಂಗಕ್ಕೆ ಹಾಕಿದರೆ 24 ಟನ್. ಶತಮಾನಗಳಿಂದ ಭಾರ ಹೊತ್ತ ತೊಲೆಗಳ ಮೇಲೆ ಒಂದೇ ವಾರದಲ್ಲಿ ಇಷ್ಟು ಹೊಸ ಭಾರ! ಬಿರುಕು ಮೊದಲು ಕಾಣುವುದು ತೊಲೆಯ ನಡುವೆ, ಕೆಳಭಾಗದಲ್ಲಿ. ಅದೂ ಸಾಲದು ಅಂತ ಬಿಸಿಲಿಗೆ ಕಾಂಕ್ರೀಟ್ ಹಿಗ್ಗಿ ಕುಗ್ಗಿ ಬಿರುಕು ಬಿಡುತ್ತದೆ. ಒಳಹೋದ ನೀರು ಕೆಳಗೆ ಸಿಕ್ಕಿಕೊಳ್ಳುತ್ತದೆ. ಸೋರುವುದು ನಿಲ್ಲುವುದಿಲ್ಲ, ಎಲ್ಲಿಂದ ಸೋರುತ್ತಿದೆ ಅನ್ನುವುದು ಮಾತ್ರ ಗೊತ್ತಾಗದೆ ಹೋಗುತ್ತದೆ.

ಗಿಡಗಳ ಬಗ್ಗೆ ಉಡಾಫೆ ಬೇಡ. ಹಕ್ಕಿ ಉದುರಿಸಿದ ಒಂದು ಆಲದ ಬೀಜ ಸಾಕು. ಹಳೇಬೀಡಿನ ಕೇದಾರೇಶ್ವರ ಗುಡಿ ಹೊಯ್ಸಳರ ಎರಡನೇ ಬಲ್ಲಾಳನ ಕಾಲದ್ದು. 19ನೇ ಶತಮಾನದಲ್ಲಿ ಅದರ ವಿಮಾನದಲ್ಲಿ (ಗರ್ಭಗುಡಿಯ ಮೇಲಿನ ಗೋಪುರದಲ್ಲಿ) ಮರವೊಂದು ಬೇರೂರಿ ಕಲ್ಲುಗಳನ್ನು ಕಿತ್ತು ಕೆಡವುತ್ತಿದ್ದುದನ್ನು ವಾಸ್ತುಶಿಲ್ಪದ ಇತಿಹಾಸಕಾರ ಜೇಮ್ಸ್ ಫರ್ಗುಸನ್ ದುಃಖದಿಂದ ಬರೆದಿದ್ದಾನೆ. ಇವತ್ತು ಆ ಗುಡಿಗೆ ಶಿಖರವೇ ಇಲ್ಲ. ಹಾಗಂತ ಬೆಳೆದ ಗಿಡವನ್ನು ಹಿಡಿದು ಎಳೆಯಲೂ ಬಾರದು. ಬೇರಿನ ಜೊತೆ ಕಲ್ಲೂ ಬರುತ್ತದೆ. ಕಾಂಡ ಕತ್ತರಿಸಿ, ಬೇರನ್ನು ಔಷಧಿಯಿಂದ ಸಾಯಿಸಿ, ಒಣಗಿದ ಮೇಲೆ ಬಿಡಿಸಿ, ಆ ಜಾಗಕ್ಕೆ ಸುಣ್ಣದ ಗಾರೆ ತುಂಬಬೇಕು.

ಮರಳಿನ ಬ್ಲಾಸ್ಟಿಂಗ್ ಅಂತೂ ದಯವಿಟ್ಟು ಮಾಡಿಸಲೇಬೇಡಿ. ಹೊಯ್ಸಳರ ಬಳಪದ ಕಲ್ಲು ಚಾಕುವಿನ ಮೊನೆಗೇ ಗೀರು ಬೀಳುವಷ್ಟು ಮೃದು. ಬೇಲೂರಿನ ಮದನಿಕೆಯರ ಒಡವೆಯಲ್ಲಿ ಮಣಿ ಮಣಿ ಎಣಿಸಬಹುದಾದಂಥ ಕೆತ್ತನೆ ಸಾಧ್ಯವಾದದ್ದು ಈ ಕಲ್ಲಿನಿಂದ. ಅಂಥ ಕಲ್ಲಿಗೆ ಒತ್ತಡದಲ್ಲಿ ಮರಳು ಹೊಡೆದರೆ ಪಾಚಿಯ ಜೊತೆ ಕಣ್ಣು, ಮೂಗು, ಉಗುರು ಎಲ್ಲಾ ಹೋಗುತ್ತದೆ. ಊರಿನ ಗುಡಿಗಳಲ್ಲಿ ಅಧಿಷ್ಠಾನದ ಮೇಲೆ, ಕಂಬದ ಮೇಲೆ ಶಾಸನ ಇರುವುದು ಅಪರೂಪವೇನಲ್ಲ. ಗುಡಿ ಕಟ್ಟಿಸಿದವರ, ದತ್ತಿ ಬಿಟ್ಟವರ ಹೆಸರು ಅಲ್ಲಿರುತ್ತದೆ. ಅದೂ ಅಳಿಸಿಹೋಗುತ್ತದೆ. ಆಯಿಲ್ ಪೇಂಟೂ ಅಷ್ಟೇ ಕೆಟ್ಟದ್ದು. ಪಾಚಿ ಮತ್ತು ಕಲ್ಲುಹೂವಿಗೆ ಮೆದು ಬ್ರಶ್, ನೀರು, ತಾಳ್ಮೆ. ಅದಕ್ಕೂ ಬಗ್ಗದಿದ್ದರೆ ತಿಳಿದವರು ಅಮೋನಿಯಾದ ತೆಳು ದ್ರಾವಣ ಬಳಸುತ್ತಾರೆ.

ಹಾಗಾದರೆ ಏನು ಹಾಕಬೇಕು? ಸುಣ್ಣ. ಸುಟ್ಟ ಸುಣ್ಣದಕಲ್ಲನ್ನು ನೀರಿನಲ್ಲಿ ಅರಳಿಸಿ, ವಾರಗಟ್ಟಲೆ ನೆನೆಯಲು ಬಿಡಬೇಕು. ಮರಳು ಮತ್ತು ಇಟ್ಟಿಗೆ ಪುಡಿ ಸೇರಿಸಿ ಚೆನ್ನಾಗಿ ಅರೆಯಬೇಕು. ಬೆಲ್ಲ, ಅಳಲೆಕಾಯಿ ನೆನೆಸಿದ ನೀರು ಹಾಕುವ ಪದ್ಧತಿ ಹಿಂದಿನಿಂದ ಬಂದದ್ದು, ಈಗಲೂ ಕೆಲಸ ಮಾಡುತ್ತದೆ. ಸುಣ್ಣ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ನಿಧಾನವಾಗಿ ಮತ್ತೆ ಕಲ್ಲಾಗುತ್ತದೆ. ಈ ನಿಧಾನವೇ ಕಾಂಟ್ರಾಕ್ಟರುಗಳಿಗೆ ಹಿಡಿಸುವುದಿಲ್ಲ. ಒದ್ದೆ ಗೋಣಿ ಹೊದಿಸಿ ಬಿಸಿಲಿನಿಂದ ಕಾಪಾಡಬೇಕು. ಜಡಿಮಳೆಯಲ್ಲಿ ಈ ಕೆಲಸ ಆಗುವುದಿಲ್ಲ. ಈಗಾಗಲೇ ಇರುವ ಸಿಮೆಂಟನ್ನು ಕೈ ಉಳಿಯಿಂದ ಬಿಡಿಸಿ, ಗ್ರೈಂಡರ್ ಬೇಡ. ತೆಗೆಯಹೋದರೆ ಕಲ್ಲಿನ ಅಂಚೇ ಒಡೆಯುತ್ತದೆ ಅನ್ನುವಂತಿದ್ದರೆ ಅದನ್ನು ಅಲ್ಲೇ ಬಿಟ್ಟುಬಿಡುವುದು ಒಳ್ಳೆಯದು.

ಬಿಚ್ಚಿ ಮತ್ತೆ ಕಟ್ಟುವುದು ಕೊನೆಯ ದಾರಿ. ತಲಕಾಡಿನ ಕೀರ್ತಿನಾರಾಯಣ ಗುಡಿಯನ್ನು ಭಾರತೀಯ ಪುರಾತತ್ವ ಸರ್ವೇಕ್ಷಣದವರು ಹೀಗೆ ಬಿಚ್ಚಿ ಕಟ್ಟಿದ್ದಾರೆ. ಇಂಥ ಕೆಲಸದಲ್ಲಿ ಒಂದೊಂದು ಕಲ್ಲಿಗೂ ನಂಬರ್, ನಕ್ಷೆ, ಫೋಟೋ ಇರಲೇಬೇಕು. ಇಲ್ಲದೆ ಬಿಚ್ಚಿದ ಗುಡಿ ಮತ್ತೆ ಅದೇ ಗುಡಿ ಆಗುವುದಿಲ್ಲ.

ನಿಮ್ಮ ಗುಡಿ 1958ರ ಕೇಂದ್ರ ಕಾಯ್ದೆ ಅಥವಾ 1961ರ ರಾಜ್ಯ ಕಾಯ್ದೆಯ ಪ್ರಕಾರ ಸಂರಕ್ಷಿತ ಅಂತ ಘೋಷಣೆ ಆಗಿದ್ದರೆ ಇಲಾಖೆಯನ್ನು ಕೇಳದೆ ಏನೂ ಮಾಡುವಂತಿಲ್ಲ. ಆದರೆ ಊರೂರಿನ ಎಷ್ಟೋ ಗುಡಿಗಳು ಎರಡರಲ್ಲೂ ಇಲ್ಲ. ಅಲ್ಲಿ ತೀರ್ಮಾನ ಹೆಚ್ಚಾಗಿ ಸಮಿತಿಯದ್ದು.

ಅಂಥ ಸಮಿತಿಯವರಿಗೆ ನನ್ನ ಸಲಹೆ ಇಷ್ಟು. ಕೆಲಸ ಶುರು ಮಾಡುವ ಮೊದಲು ಜೋರು ಮಳೆ ಬರುವಾಗ ಗುಡಿಗೆ ಹೋಗಿ ನಿಲ್ಲಿ. ನೀರು ಎಲ್ಲಿ ಬೀಳುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿಂದ ಒಳಗೆ ಬರುತ್ತದೆ ಅಂತ ಬರೆದುಕೊಳ್ಳಿ. ಮಾಡಿನ ಮೇಲಿನ ಕಸ, ಮಣ್ಣು ತೆಗೆಸಿ. ಪ್ರಣಾಳ ಕಟ್ಟಿಕೊಂಡಿದ್ದರೆ ಬಿಡಿಸಿ. ಸುತ್ತಲಿನ ಅಂಗಳ ಏರಿ ನೀರು ಗುಡಿಯ ಬುಡಕ್ಕೆ ಹರಿಯುತ್ತಿದ್ದರೆ ಸ್ವಲ್ಪ ದೂರದಲ್ಲಿ ಚರಂಡಿ ತೋಡಿಸಿ, ಗೋಡೆಗೆ ತಾಗಿಸಿ ಮಾತ್ರ ಬೇಡ. ಬಿರುಕು ಇರುವಲ್ಲಿ ಅಡ್ಡಲಾಗಿ ಒಂದು ತೆಳು ಗಾಜಿನ ಪಟ್ಟಿ ಕೂರಿಸಿ, ಪಕ್ಕದಲ್ಲಿ ತಾರೀಕು ಬರೆದಿಡಿ. ಒಂದು ಮಳೆಗಾಲ, ಒಂದು ಬೇಸಿಗೆ ಕಳೆದರೂ ಗಾಜು ಒಡೆಯದಿದ್ದರೆ ಅದು ಹಳೇ ಬಿರುಕು, ಸುಣ್ಣದಿಂದ ತುಂಬಿದರೆ ಸಾಕು. ಒಡೆದರೆ ಗೋಡೆ ಇನ್ನೂ ಸರಿಯುತ್ತಿದೆ. ಹಳೇ ಕಟ್ಟಡಗಳ ಅನುಭವ ಇರುವ ಎಂಜಿನಿಯರನ್ನು ಕರೆಸಿ. ಅವರು ಬರುವ ತನಕ ಆ ಭಾಗಕ್ಕೆ ಮರದ ಆಸರೆ ಕೊಡಿಸಿ, ಜನ ಅದರ ಕೆಳಗೆ ಕೂರದಂತೆ ಹಗ್ಗ ಕಟ್ಟಿಸಿ.