ದೋಸೆ ಕಾವಲಿಯೂ ಮೈಸೂರು ಅರಮನೆಯ ಕಂಬಗಳೂ

ಮೈಸೂರು ಅರಮನೆಯ ಕಲ್ಯಾಣಮಂಟಪಕ್ಕೆ ಕಾಲಿಟ್ಟವರೆಲ್ಲ ನವಿಲುಗಳ ಚಿತ್ರವಿರುವ ಬಣ್ಣದ ಗಾಜಿನ ಚಾವಣಿಯನ್ನು ಕತ್ತೆತ್ತಿ ನೋಡುತ್ತಾರೆ. ಅದನ್ನು ಹೊತ್ತ ಕಂಬಗಳನ್ನು ಗಮನಿಸುವವರು ಕಡಿಮೆ. ಮೂರು ಮೂರರ ಗುಂಪಾಗಿ ನಿಂತಿರುವ ಅವು ಕಲ್ಲಿನವೂ ಅಲ್ಲ, ಮರದವೂ ಅಲ್ಲ. ಗ್ಲಾಸ್ಗೋ ನಗರದ ಮ್ಯಾಕ್‌ಫರ್ಲೇನ್ ಕಾರ್ಖಾನೆಯಲ್ಲಿ ಎರಕ ಹೊಯ್ದ ಬೀಡು ಕಬ್ಬಿಣದವು.

1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಸಮಯದಲ್ಲಿ ಹಳೆಯ ಮರದ ಅರಮನೆ ಸುಟ್ಟುಹೋಯಿತು. ಇದಕ್ಕೆ ಅಲಮೇಲಮ್ಮನ ಶಾಪವನ್ನು ಗಂಟುಹಾಕುವುದು ಸುಲಭ. ಆದರೆ ಆ ಶಾಪದಲ್ಲಿ ತಲಕಾಡು ಮರಳಾಗುವ, ಮಾಲಂಗಿ ಮಡುವಾಗುವ, ದೊರೆಗಳಿಗೆ ಮಕ್ಕಳಾಗದ ಮಾತಿದೆಯೇ ಹೊರತು ಬೆಂಕಿಯ ಸುದ್ದಿಯೇ ಇಲ್ಲ. ಆಗ ರಾಜ್ಯಭಾರ ನಡೆಸುತ್ತಿದ್ದ ವಾಣಿವಿಲಾಸ ಸನ್ನಿಧಾನದವರು, ಶಿಮ್ಲಾದ ವೈಸ್‌ರಾಯ್ ನಿವಾಸವನ್ನು ವಿನ್ಯಾಸಗೊಳಿಸಿದ್ದ ಹೆನ್ರಿ ಇರ್ವಿನ್ ಅವರಿಗೆ ಹೊಸ ಅರಮನೆಯನ್ನು ಒಪ್ಪಿಸಿದರು. 1912ರಲ್ಲಿ ಮುಗಿದ ಈ ಕಟ್ಟಡಕ್ಕೆ ತಗುಲಿದ ವೆಚ್ಚ ಸುಮಾರು 41 ಲಕ್ಷ ರೂಪಾಯಿ.

ಬೀಡಿನ ಸ್ವಭಾವವನ್ನು ತಿಳಿಯಲು ಅಡುಗೆಮನೆಯ ದೋಸೆ ಕಾವಲಿ ಸಾಕು. ಅದರ ಮೇಲೆ ಒರಳುಕಲ್ಲನ್ನೇ ಇಟ್ಟರೂ ಜಗ್ಗದು. ಕೈಜಾರಿ ನೆಲಕ್ಕೆ ಬಿದ್ದರೆ ಎರಡು ಹೋಳು. ಬೀಡಿನಲ್ಲಿ ಶೇಕಡಾ 2ರಿಂದ 4ರಷ್ಟು ಇಂಗಾಲವಿರುತ್ತದೆ. ಅದರ ದೆಸೆಯಿಂದ ಲೋಹ ಶುದ್ಧ ಕಬ್ಬಿಣಕ್ಕಿಂತ ಮುನ್ನೂರಕ್ಕೂ ಹೆಚ್ಚು ಡಿಗ್ರಿ ಕಡಿಮೆ ಶಾಖದಲ್ಲೇ ಕರಗಿ, ಅಚ್ಚಿನಲ್ಲಿರುವ ಹೂಬಳ್ಳಿಯ ಸಂದಿಗೂ ಹರಿಯುತ್ತದೆ. ಆರುವಾಗ ಅದೇ ಇಂಗಾಲ ಗ್ರಾಫೈಟಿನ ತೆಳು ಹಕ್ಕಳೆಗಳಾಗಿ ಒಳಗೆಲ್ಲ ಚದುರಿ ಕೂರುತ್ತದೆ. ಒಂದೊಂದು ಹಕ್ಕಳೆಯೂ ಒಂದೊಂದು ಸೀಳಿದ್ದಂತೆ. ಅಂಚಿನಲ್ಲಿ ಕತ್ತರಿ ತಾಗಿಸಿದ ಬಟ್ಟೆಯನ್ನು ನೆನೆಯಿರಿ: ಎಳೆದರೆ ಪರ್ರನೆ ಹರಿಯುತ್ತದೆ, ಅದನ್ನೇ ಮಡಿಸಿ ಮೇಲೆ ಕುಳಿತರೆ ಏನೂ ಆಗದು. ಕಬ್ಬಿನ ಜಲ್ಲೆಯನ್ನು ಮೊಣಕಾಲಿಗೆ ಒತ್ತಿ ಬಗ್ಗಿಸಿದಾಗಲೂ ಅದು ಸೀಳುವುದು ಹಿಗ್ಗಿದ ಹೊರಮೈಯಲ್ಲಿ, ಕುಗ್ಗಿದ ಒಳಮೈಯಲ್ಲಲ್ಲ. ಭಾರ ಬಿದ್ದ ತೊಲೆಯ ತಳವೂ ಹೀಗೆಯೇ ಹಿಗ್ಗುತ್ತದೆ. ಆದ್ದರಿಂದ ಬೀಡು ತೊಲೆಗೆ ಒಗ್ಗದು. ನೆಟ್ಟಗೆ ನಿಂತ ಕಂಬವಾದರೋ ಚಾವಣಿಯ ಭಾರಕ್ಕೆ ಕುಗ್ಗುವುದೇ ಹೆಚ್ಚು.

ಕಬ್ಬಿಣ ಉರಿಯುವುದಿಲ್ಲವಾದ್ದರಿಂದ ಬೆಂಕಿಗೆ ಜಗ್ಗುವುದೂ ಇಲ್ಲ ಎಂಬ ನಂಬಿಕೆಯೊಂದಿದೆ. ನನಗೆ ಸಹನೆ ತಪ್ಪುವುದು ಇಲ್ಲಿಯೇ. ಕಾದ ಕಾವಲಿಗೆ ತಣ್ಣೀರು ಸುರಿದು ಪೇಚಿಗೆ ಸಿಕ್ಕಿದವರಿಗೆ ಕಾರಣ ಗೊತ್ತು: ತಣಿದ ಹೊರಮೈ ಕುಗ್ಗಲು ಹವಣಿಸುತ್ತದೆ, ಇನ್ನೂ ಕಾದಿರುವ ಒಳಭಾಗ ಬಿಡುವುದಿಲ್ಲ, ಆ ಎಳೆದಾಟದಲ್ಲಿ ಲೋಹ ಬಿರಿಯುತ್ತದೆ. ಉರಿಯುವ ಕಟ್ಟಡದಲ್ಲಿ ಕಾದ ಕಂಬಕ್ಕೆ ನೀರು ಹಾರಿಸಿದಾಗಲೂ ಇದೇ ಅಪಾಯ. ದಪ್ಪನೆಯ ತೇಗದ ತೊಲೆಯಾದರೆ, ತನ್ನ ಮೈಮೇಲಿನ ಇದ್ದಿಲನ್ನೇ ಹೊದಿಕೆ ಮಾಡಿಕೊಂಡು, ಒಳತಿರುಳನ್ನು ಬಹಳ ಹೊತ್ತು ಕಾಪಾಡಿಕೊಳ್ಳುತ್ತದೆ. ಹಾಗೆಂದು ಮರವೇ ಮೇಲೆನ್ನಲಾಗದು. ಅದು ಬೆಂಕಿಗೆ ಉಣಿಸಾಗುತ್ತದೆ, ಬೀಡು ಆಗುವುದಿಲ್ಲ. ಇರ್ವಿನ್ ಅವರ ಕಂಬಗಳಿಂದ ಅರಮನೆಗೆ ದಕ್ಕಿದ ಲಾಭ ಇಷ್ಟೇ, ಮತ್ತು ಇದು ಸಣ್ಣದಲ್ಲ.